ಸಸ್ಯಶೋಧನೆ: ಭಾರಲೋಹ ಬೆರೆತ ಮಣ್ಣನ್ನು ಗಿಡಗಳಿಂದ ಹಸನುಗೊಳಿಸುವ ವಿಧಾನ

ಸೀಸ, ಕ್ಯಾಡ್ಮಿಯಂ, ಸತು, ತಾಮ್ರ, ನಿಕಲ್, ಕ್ರೋಮಿಯಂ, ಪಾದರಸ, ಆರ್ಸೆನಿಕ್ ಮುಂತಾದವು ಮಿತಿಮೀರಿ ಸೇರಿದ ನೆಲದಲ್ಲಿ ಆಯ್ದ ಗಿಡಗಳನ್ನು ಬೆಳೆಸಿ, ಆ ಲೋಹಗಳನ್ನು ಮಣ್ಣಿನಿಂದ ಹೊರತೆಗೆಯುವ ಇಲ್ಲವೇ ಇದ್ದಲ್ಲೇ ಅಲುಗದಂತೆ ಹಿಡಿದಿಡುವ ವಿಧಾನವೇ ಸಸ್ಯಶೋಧನೆ. ವಿಜ್ಞಾನಿಗಳ ಬಳಕೆಯಲ್ಲಿ ಇದು ಫೈಟೋರೆಮಿಡಿಯೇಶನ್. ಗ್ರೀಕಿನ ‘ಗಿಡ’ ಮತ್ತು ಲ್ಯಾಟಿನ್ನಿನ ‘ಮದ್ದು’ ಕೂಡಿ ಆದ ಈ ಪದ ಚಾಲ್ತಿಗೆ ಬಂದದ್ದು 1990ರ ದಶಕದ ಆರಂಭದಲ್ಲಿ. ಆರ್ಸೆನಿಕ್ ಕಟ್ಟುನಿಟ್ಟಾಗಿ ಹೇಳಿದರೆ ಲೋಹವಲ್ಲ, ಲೋಹಾಭ. ಆದರೆ ಅದು ಮಾಡುವ ಹಾನಿಯೂ ಅದಕ್ಕೆ ಮಾಡುವ ಉಪಚಾರವೂ ಭಾರಲೋಹಗಳದ್ದೇ ಆದ್ದರಿಂದ ಅದನ್ನು ಈ ಪಂಕ್ತಿಯಲ್ಲೇ ಕೂರಿಸುವುದು ರೂಢಿ.

ಎಣ್ಣೆಯೋ ಕೀಟನಾಶಕವೋ ಮಣ್ಣಿಗೆ ಬಿದ್ದರೆ ಸೂಕ್ಷ್ಮಜೀವಿಗಳು ಅದನ್ನು ಒಡೆದು ಕಾಲಕ್ರಮದಲ್ಲಿ ನಿರುಪದ್ರವಿಯಾಗಿಸಬಲ್ಲವು. ಲೋಹ ಮೂಲಧಾತು. ಅದು ಕೊಳೆಯುವುದಿಲ್ಲ, ಸುಟ್ಟರೆ ಬೂದಿಯಲ್ಲೋ ಹೊಗೆಯಲ್ಲೋ ಉಳಿಯುತ್ತದೆ. ಗಿಡಗಳು ವಿಷವನ್ನು ‘ತಿಂದು ಅರಗಿಸಿಕೊಳ್ಳುತ್ತವೆ’ ಎಂದು ಜನಪ್ರಿಯ ಬರಹಗಳಲ್ಲಿ ಓದಲು ಸಿಗುವುದುಂಟು. ಲೋಹದ ಮಟ್ಟಿಗೆ ಈ ಮಾತು ತಪ್ಪು. ಗಿಡ ಮಾಡುವುದು ಸಾಗಣೆ ಮಾತ್ರ: ಮಣ್ಣಿನಲ್ಲಿದ್ದುದು ಬೇರಿಗೆ, ಬೇರಿನಲ್ಲಿದ್ದುದು ಎಲೆಗೆ. ಅಲ್ಲಿಂದ ಮುಂದಕ್ಕೆ ಅದನ್ನು ಎಲ್ಲಿಗೆ ಒಯ್ಯಬೇಕೆಂಬುದು ಮನುಷ್ಯನ ತಲೆನೋವು.

ಲೋಹ ಮಣ್ಣಿಗೆ ಸೇರುವ ದಾರಿಗಳು ಹಲವು. ಗಣಿಯ ತ್ಯಾಜ್ಯ, ಅದಿರು ಕರಗಿಸುವ ಕುಲುಮೆಯ ಹೊಗೆ, ಬ್ಯಾಟರಿ ಒಡೆಯುವ ಶೆಡ್ಡುಗಳು, ಲೋಹದ ಲೇಪನ ಹಾಕುವ ಕಾರ್ಖಾನೆಗಳು, ಚರ್ಮ ಹದಮಾಡುವ ಘಟಕಗಳು, ಶಾಖವಿದ್ಯುತ್ ಸ್ಥಾವರದ ಹಾರುಬೂದಿ ಇವು ಕಣ್ಣಿಗೆ ಕಾಣುವ ಮೂಲಗಳು. ರಂಜಕದ ಗೊಬ್ಬರದಲ್ಲಿ ಬೆರಕೆಯಾಗಿ ಬರುವ ಕ್ಯಾಡ್ಮಿಯಂ, ಚರಂಡಿ ನೀರು ಹಾಯಿಸಿದಾಗ ಹೊಲಕ್ಕೆ ಇಳಿಯುವ ಸತು-ತಾಮ್ರ, ಸೀಸ ಬೆರೆತ ಪೆಟ್ರೋಲಿನ ಕಾಲದಲ್ಲಿ ರಸ್ತೆಬದಿಗೆ ಕೂತ ಸೀಸ ಇವು ಸದ್ದಿಲ್ಲದೆ ಬಂದವು. ಜಪಾನಿನ ತೊಯಾಮಾ ಪ್ರಾಂತದಲ್ಲಿ ಕಾಮಿಯೋಕಾ ಗಣಿಯ ಕ್ಯಾಡ್ಮಿಯಂ ಜಿನ್ಝು ನದಿಯ ನೀರಿನೊಡನೆ ಗದ್ದೆಗೆ ಇಳಿದು, ಅಕ್ಕಿಯ ಮೂಲಕ ಜನರ ಮೂಳೆಗಳನ್ನು ಟೊಳ್ಳಾಗಿಸಿತು. ರೋಗಿಗಳು ನರಳುತ್ತಿದ್ದ ‘ಇತಾಯ್, ಇತಾಯ್’ ಎಂಬ ಕೂಗೇ, ಅಂದರೆ ನೋವು, ನೋವು ಎಂಬುದೇ, ರೋಗದ ಹೆಸರಾಯಿತು. ಗಣಿಯ ಕ್ಯಾಡ್ಮಿಯಮ್ಮೇ ಇದಕ್ಕೆ ಕಾರಣವೆಂದು ಜಪಾನ್ ಸರ್ಕಾರ 1968ರಲ್ಲಿ ಒಪ್ಪಿಕೊಂಡಿತು. ಅಲ್ಲಿನ ಗದ್ದೆಗಳ ಮೇಲ್ಮಣ್ಣನ್ನು ತೆಗೆದು ಹೊಸ ಮಣ್ಣು ತುಂಬುವ ಕೆಲಸ ಮುಗಿದದ್ದು 2012ರಲ್ಲಿ. ಚೀನಾ 2014ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಮಣ್ಣು ಸಮೀಕ್ಷೆಯಲ್ಲಿ ಶೇ 16.1ರಷ್ಟು ಮಾದರಿಗಳು ನಿಗದಿತ ಮಿತಿಯನ್ನು ದಾಟಿದ್ದವು. ಕ್ಯಾಡ್ಮಿಯಂ ಒಂದೇ ಶೇ 7ರಷ್ಟು ಮಾದರಿಗಳಲ್ಲಿ ಮಿತಿ ಮೀರಿತ್ತು.

ಇಷ್ಟು ವಿಸ್ತಾರದ ನೆಲವನ್ನು ಅಗೆದು ಲಾರಿಗಳಲ್ಲಿ ಸಾಗಿಸುವುದಾಗಲಿ, ರಾಸಾಯನಿಕಗಳಲ್ಲಿ ತೊಳೆಯುವುದಾಗಲಿ ಯಾವ ಸರ್ಕಾರದ ಬೊಕ್ಕಸಕ್ಕೂ ಸುಲಭವಲ್ಲ. ತೊಳೆದ ಮಣ್ಣು ಮಣ್ಣಾಗಿಯೂ ಉಳಿಯುವುದಿಲ್ಲ. ಅದರ ಜೀವಾಂಶ ಹೋಗಿರುತ್ತದೆ. ಗಿಡಗಳ ಕಡೆ ಕಣ್ಣು ಹಾಯ್ದದ್ದು ಇದೇ ಕಾರಣಕ್ಕೆ.

ಲೋಹದ ನೆಲದ ಗಿಡಗಳು

ಕೆಲವು ಗಿಡಗಳು ಲೋಹವಿರುವ ನೆಲವನ್ನೇ ಹುಡುಕಿಕೊಂಡು ಬೆಳೆಯುತ್ತವೆ ಎಂಬುದು ಗಣಿಗಾರರಿಗೆ ಹಿಂದಿನಿಂದಲೂ ಗೊತ್ತಿತ್ತು. ಇಟಲಿಯ ಸಸ್ಯಜ್ಞ ಆಂಡ್ರಿಯಾ ಚೆಸಾಲ್ಪಿನೊ 1583ರಲ್ಲೇ ಟಸ್ಕನಿಯ ಕಪ್ಪು ಕಲ್ಲುಗಳ ಮೇಲಷ್ಟೇ ಕಾಣುವ ಗಿಡವೊಂದನ್ನು ಬಣ್ಣಿಸಿದ್ದ. ಮಧ್ಯ ಆಫ್ರಿಕದ ತಾಮ್ರದ ಪಟ್ಟಿಯಲ್ಲಿ ಅದಿರು ಹುಡುಕುವವರು ನೀಲಿ ಹೂವಿನ ಒಂದು ಗಿಡವನ್ನು ಗುರುತಾಗಿ ಬಳಸುತ್ತಿದ್ದರು. ಓಸಿಮಂ ಸೆಂಟ್ರಲಿಆಫ್ರಿಕಾನಂ ಎಂಬ ಆ ಗಿಡ ನಮ್ಮ ತುಳಸಿಯ ಕುಲಕ್ಕೇ ಸೇರಿದ್ದು. 1885ರಲ್ಲಿ ಬೌಮನ್ ಎಂಬ ಜರ್ಮನ್ ವಿಜ್ಞಾನಿ ಸತುವಿನ ಗಣಿಗಳ ಬಳಿ ಬೆಳೆವ ಸಣ್ಣ ಗಿಡವೊಂದರ ಒಣ ಎಲೆಯಲ್ಲಿ ಶೇ 1ಕ್ಕೂ ಮಿಕ್ಕಿ ಸತು ಇರುವುದನ್ನು ತೋರಿಸಿದ. ಚೆಸಾಲ್ಪಿನೊ ಕಂಡಿದ್ದ ಗಿಡದ ಗುಟ್ಟು ಹೊರಬೀಳಲು 1948ರವರೆಗೆ ಕಾಯಬೇಕಾಯಿತು. ಫ್ಲಾರೆನ್ಸ್ ಸಮೀಪದ ಅಲಿಸಂ ಬರ್ಟಲೋನಿಯ ಬೂದಿಯಲ್ಲಿ ಸುಮಾರು ಹತ್ತನೆಯ ಒಂದು ಪಾಲು ನಿಕಲ್ ಇದೆಯೆಂದು ಮಿಂಗುಝಿ ಮತ್ತು ವೆರ್ಞಾನೊ ಆ ವರ್ಷ ವರದಿ ಮಾಡಿದರು.

ಈ ಸಾಲಿನಲ್ಲಿ ಎಲ್ಲಕ್ಕಿಂತ ವಿಚಿತ್ರವಾದದ್ದು ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯ ದ್ವೀಪದ ಒಂದು ಕಾಡುಮರ. ಪಿಕ್ನಾಂಡ್ರ ಅಕ್ಯುಮಿನಾಟ ಎಂಬ ಇದು ಸಪೋಟ, ಹಿಪ್ಪೆಗಳ ಕುಟುಂಬದ್ದು. ಸಪೋಟದ ಕಾಯಿ ಕಿತ್ತರೆ ಬಿಳಿ ಹಾಲು ಒಸರುವುದನ್ನು ಎಲ್ಲರೂ ಕಂಡಿದ್ದಾರೆ. ಈ ಮರದ ತೊಗಟೆಗೆ ಮಚ್ಚು ತಾಗಿಸಿದರೆ ಒಸರುವುದು ಹಸಿರುಮಿಶ್ರಿತ ನೀಲಿ ಬಣ್ಣದ ಹಾಲು. ಬಣ್ಣ ನಿಕಲ್ಲಿನದು. ಆ ಹಾಲನ್ನು ಒಣಗಿಸಿದರೆ ಅದರ ತೂಕದ ಕಾಲು ಭಾಗ ನಿಕಲ್ಲೇ ಎಂದು ಝಾಫ್ರೆ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದಾಗ, ಇಂಥ ಗಿಡಗಳಿಗೊಂದು ಪ್ರತ್ಯೇಕ ಹೆಸರೇ ಬೇಕಾಯಿತು. ಹೈಪರ್‌ಅಕ್ಯುಮ್ಯುಲೇಟರ್ ಎಂಬ ಆ ಹೆಸರನ್ನು ಕನ್ನಡದಲ್ಲಿ ಅತಿಸಂಗ್ರಾಹಕ ಸಸ್ಯ ಎನ್ನಬಹುದು. ಒಂದು ಕಿಲೋ ಒಣ ಎಲೆಯಲ್ಲಿ ನಿಕಲ್ ಅಥವಾ ಸೀಸದಂಥವು 1,000 ಮಿಲಿಗ್ರಾಂ ದಾಟಿದರೆ, ಸತು 3,000 ಮಿಲಿಗ್ರಾಂ ದಾಟಿದರೆ, ಕ್ಯಾಡ್ಮಿಯಂ ಬರೀ 100 ಮಿಲಿಗ್ರಾಂ ದಾಟಿದರೆ ಆ ಗಿಡ ಈ ಪಟ್ಟಿಗೆ ಸೇರುತ್ತದೆ. ಇದುವರೆಗೆ ಪಟ್ಟಿಯಾಗಿರುವ 700ಕ್ಕೂ ಹೆಚ್ಚು ಪ್ರಭೇದಗಳಲ್ಲಿ ಬಹುಪಾಲು ನಿಕಲ್ ಸಂಗ್ರಾಹಕಗಳು. ಸೀಸವನ್ನು ನೆಚ್ಚಬಹುದಾದಷ್ಟು ಎಳೆಯುವ ಗಿಡ ಇಲ್ಲವೆಂದೇ ಹೇಳಬೇಕು. ಮನುಷ್ಯನಿಗೆ ಹೆಚ್ಚು ಕಾಟ ಕೊಡುವ ಲೋಹಗಳೂ ಗಿಡಗಳಿಗೆ ಒಗ್ಗುವ ಲೋಹಗಳೂ ಒಂದೇ ಆಗಿಲ್ಲದಿರುವುದು ಈ ಶಾಸ್ತ್ರದ ಮೂಲ ತೊಡಕು.

ಗಿಡಗಳು ಹೀಗೇಕೆ ಮಾಡುತ್ತವೆ ಎಂಬ ಪ್ರಶ್ನೆಗೆ ಹೆಚ್ಚು ಒಪ್ಪಿಗೆ ಪಡೆದ ಉತ್ತರ ರಕ್ಷಣೆ. ಲೋಹ ತುಂಬಿದ ಎಲೆಯನ್ನು ಕಂಬಳಿಹುಳು ಮುಟ್ಟುವುದಿಲ್ಲ, ಮುಟ್ಟಿದರೆ ಬದುಕುವುದಿಲ್ಲ. ಬೇವು ಕಹಿಯನ್ನು ತಾನೇ ತಯಾರಿಸಿಕೊಳ್ಳುತ್ತದೆ. ಈ ಗಿಡಗಳು ತಮ್ಮ ಕಹಿಯನ್ನು ಮಣ್ಣಿನಿಂದ ಎರವಲು ತರುತ್ತವೆ.

ಗಿಡದೊಳಗಿನ ದಾರಿ

ಬೇರು ಮೊದಲು ಎದುರಿಸುವುದು ದಕ್ಕುವಿಕೆಯ ಪ್ರಶ್ನೆಯನ್ನು. ಪ್ರಯೋಗಾಲಯದ ವರದಿಯಲ್ಲಿ ಸಾಮಾನ್ಯವಾಗಿ ಬರುವುದು ಮಣ್ಣಿನಲ್ಲಿರುವ ಒಟ್ಟು ಲೋಹ. ಬೇರಿಗೆ ದಕ್ಕುವುದು ನೀರಿನಲ್ಲಿ ಕರಗಿದ, ಇಲ್ಲವೇ ಸುಲಭವಾಗಿ ಕರಗಬಲ್ಲ ಪಾಲು ಮಾತ್ರ. ಮಣ್ಣು ಹುಳಿಯಾದಷ್ಟೂ ಕ್ಯಾಡ್ಮಿಯಂ, ಸತುಗಳು ಹೆಚ್ಚು ಸಡಿಲವಾಗುತ್ತವೆ. ಸುಣ್ಣ ಹಾಕಿದರೆ ಗಟ್ಟಿಯಾಗಿ ಕೂರುತ್ತವೆ. ಜೇಡಿ ಮತ್ತು ಕೊಟ್ಟಿಗೆ ಗೊಬ್ಬರದ ಜೀವಾಂಶ ಅವನ್ನು ಹಿಡಿದಿಟ್ಟುಕೊಳ್ಳುತ್ತವೆ. ಭತ್ತದ ಗದ್ದೆಯಲ್ಲಿ ನೀರು ನಿಂತಾಗ ಕ್ಯಾಡ್ಮಿಯಂ ಗಂಧಕದೊಡನೆ ಸೇರಿ ಕರಗದ ರೂಪ ತಾಳುತ್ತದೆ, ಆದರೆ ಅದೇ ನಿಂತ ನೀರು ಆರ್ಸೆನಿಕ್ಕನ್ನು ಬಿಡಿಸಿಕೊಡುತ್ತದೆ. ನೀರು ಬಸಿದರೆ ಆರ್ಸೆನಿಕ್ ಹಿಡಿತಕ್ಕೆ ಬಂದು ಕ್ಯಾಡ್ಮಿಯಂ ಸಡಿಲಗೊಳ್ಳುತ್ತದೆ. ಎರಡೂ ಇರುವ ಗದ್ದೆಯ ರೈತನಿಗೆ ನೀರು ಕಟ್ಟಿದರೂ ಕಷ್ಟ, ಬಿಟ್ಟರೂ ಕಷ್ಟ.

ಕರಗಿದ ಲೋಹ ಬೇರಿನೊಳಕ್ಕೆ ನುಗ್ಗುವುದು ಹೆಚ್ಚಾಗಿ ಮಾರುವೇಷದಲ್ಲಿ. ಗಿಡಕ್ಕೆ ಸತು, ಕಬ್ಬಿಣ, ಮ್ಯಾಂಗನೀಸ್ ಬೇಕೇಬೇಕು. ಅವನ್ನು ಒಳಗೆ ತರುವ ಪ್ರೋಟೀನುಗಳ ಬಾಗಿಲಲ್ಲೇ ಕ್ಯಾಡ್ಮಿಯಮ್ಮೂ ತೂರಿಕೊಳ್ಳುತ್ತದೆ. ಆರ್ಸೆನಿಕ್ಕಿನ ಆರ್ಸೆನೇಟ್ ರೂಪ ಫಾಸ್ಫೇಟನ್ನು ಹೋಲುವುದರಿಂದ ರಂಜಕದ ಬಾಗಿಲಿನಿಂದ ಬರುತ್ತದೆ. ಸಾಮಾನ್ಯ ಗಿಡ ಹೀಗೆ ಒಳಬಂದುದನ್ನು ಬೇರಿನ ಜೀವಕೋಶಗಳಲ್ಲೇ ಕಟ್ಟಿಹಾಕಿ ಮೇಲೆ ಹೋಗದಂತೆ ನೋಡಿಕೊಳ್ಳುತ್ತದೆ. ಅತಿಸಂಗ್ರಾಹಕ ಗಿಡದ ವರ್ತನೆ ಇದಕ್ಕೆ ತದ್ವಿರುದ್ಧ. ಅದು ಲೋಹವನ್ನು ಬೇರಿನಿಂದ ಬೇಗ ಬೇಗ ಕ್ಸೈಲಂ ನಾಳಗಳಿಗೆ ತುಂಬಿ ಎಲೆಗೆ ರವಾನಿಸುತ್ತದೆ. ಯೂರೋಪಿನ ಅರಬಿಡಾಪ್ಸಿಸ್ ಹಾಲೆರಿ ಗಿಡದಲ್ಲಿ ಈ ತುಂಬುವ ಕೆಲಸದ ಎಚ್‌ಎಂಎ4 ಎಂಬ ಜೀನ್ ಒಂದರ ಬದಲು ಮೂರು ಪ್ರತಿಗಳಲ್ಲಿರುವುದು 2008ರಲ್ಲಿ ತಿಳಿದುಬಂತು. ಎಲೆಗೆ ಬಂದ ಲೋಹ ಅಲ್ಲಿನ ದ್ಯುತಿಸಂಶ್ಲೇಷಣೆಗೆ ತೊಂದರೆ ಕೊಡಬಾರದಲ್ಲ; ಸಿಟ್ರಿಕ್ ಆಮ್ಲ, ಮ್ಯಾಲಿಕ್ ಆಮ್ಲ, ಹಿಸ್ಟಿಡಿನ್ ಮೊದಲಾದ ಸಣ್ಣ ಅಣುಗಳು ಅದನ್ನು ಅಪ್ಪಿಹಿಡಿದು, ಎಲೆಯ ಹೊರಪದರದ ಜೀವಕೋಶಗಳ ರಸದಾನಿಗಳಲ್ಲಿ ಬೀಗ ಹಾಕಿಡುತ್ತವೆ. ಸಾಮಾನ್ಯ ಗಿಡಗಳಲ್ಲಿ ಕ್ಯಾಡ್ಮಿಯಂ ಹಿಡಿಯುವ ಫೈಟೋಕೆಲಾಟಿನ್ ಎಂಬ ಅಣುಗಳನ್ನು 1985ರಲ್ಲಿ ಜರ್ಮನಿಯ ಗ್ರಿಲ್, ವಿನ್ನಾಕರ್ ಮತ್ತು ಝೆಂಕ್ ಗುರುತಿಸಿದರು.

ಹೊರತೆಗೆಯುವ ಲೆಕ್ಕ

ಇಂಥ ಗಿಡಗಳನ್ನು ಬೆಳೆಯಂತೆ ಬೆಳೆದು, ಕೊಯ್ದು, ಮಣ್ಣಿನ ಲೋಹವನ್ನು ವರ್ಷವರ್ಷಕ್ಕೆ ಇಳಿಸುತ್ತ ಹೋಗಬಹುದು ಎಂಬ ಸಲಹೆಯನ್ನು 1983ರಲ್ಲಿ ಮುಂದಿಟ್ಟವರು ಅಮೆರಿಕದ ಕೃಷಿ ಇಲಾಖೆಯ ರೂಫಸ್ ಚೇನಿ. ಈ ಸಲಹೆಯ ಬಲವೂ ದೌರ್ಬಲ್ಯವೂ ಒಂದು ಸರಳ ಗುಣಾಕಾರದಲ್ಲಿವೆ.

ಒಂದು ಹೆಕ್ಟೇರ್, ಅಂದರೆ ಎರಡೂವರೆ ಎಕರೆ, ಹೊಲದ ಮೇಲಿನ 20 ಸೆಂಟಿಮೀಟರ್ ಮಣ್ಣು ಸುಮಾರು 2,600 ಟನ್ ತೂಗುತ್ತದೆ. ಅದರಲ್ಲಿ ಕಿಲೋಗೆ 5 ಮಿಲಿಗ್ರಾಂ ಕ್ಯಾಡ್ಮಿಯಂ ಇದ್ದರೆ ಒಟ್ಟು 13 ಕಿಲೋ ಆಯಿತು. ಅದನ್ನು 2 ಮಿಲಿಗ್ರಾಮಿಗೆ ಇಳಿಸಬೇಕಾದರೆ ಸುಮಾರು 8 ಕಿಲೋ ತೆಗೆಯಬೇಕು. ಅತಿಸಂಗ್ರಾಹಕ ಗಿಡವೊಂದು ವರ್ಷಕ್ಕೆ ಹೆಕ್ಟೇರಿಗೆ 5 ಟನ್ ಒಣ ಸೊಪ್ಪು ಕೊಟ್ಟು, ಅದರ ಪ್ರತಿ ಕಿಲೋದಲ್ಲಿ 100 ಮಿಲಿಗ್ರಾಂ ಕ್ಯಾಡ್ಮಿಯಂ ಇದ್ದರೆ ವರ್ಷಕ್ಕೆ ಹೊರಬರುವುದು ಅರ್ಧ ಕಿಲೋ. ಹದಿನಾರು ವರ್ಷ ಬೇಕು. ಲೋಹ ಇಳಿದಂತೆ ಎಳೆಯುವ ವೇಗವೂ ಇಳಿಯುವುದರಿಂದ ನಿಜದಲ್ಲಿ ಇನ್ನೂ ಹೆಚ್ಚು. ಇದು ನಿಧಾನ, ಆದರೆ ಒಂದು ತಲೆಮಾರಿನೊಳಗೆ ಆಗುವ ಕೆಲಸ. ಈಗ ಸೀಸವನ್ನು ತೆಗೆದುಕೊಳ್ಳೋಣ. ಕಿಲೋಗೆ 1,000 ಮಿಲಿಗ್ರಾಂ ಇರುವ ಹೊಲವನ್ನು 400ಕ್ಕೆ ಇಳಿಸಲು 1,560 ಕಿಲೋ ಸೀಸ ಹೊರಬರಬೇಕು. ಹೆಕ್ಟೇರಿಗೆ 10 ಟನ್ ಬೆಳೆಯುವ ಸಾಸಿವೆ ಕಿಲೋಗೆ 100 ಮಿಲಿಗ್ರಾಂ ಸೀಸ ಎಳೆದರೂ ವರ್ಷಕ್ಕೆ ಒಂದೇ ಕಿಲೋ. ಹಲ್ಮಿಡಿ ಶಾಸನ ಕೆತ್ತಿದ ಕಾಲದಲ್ಲಿ ಬಿತ್ತನೆ ಶುರುಮಾಡಿದ್ದರೆ ಹೆಚ್ಚುಕಡಿಮೆ ಈಗ ಕೆಲಸ ಮುಗಿಯುತ್ತಿತ್ತು.

ಈ ಲೆಕ್ಕವನ್ನು ಮುರಿಯುವ ಯತ್ನವೊಂದು 1990ರ ದಶಕದಲ್ಲಿ ಬಹಳ ಸದ್ದುಮಾಡಿತು. ಸಾಸಿವೆ ಬೆಳೆದ ಹೊಲಕ್ಕೆ ಇಡಿಟಿಎ ಎಂಬ ರಾಸಾಯನಿಕವನ್ನು ಸುರಿದರೆ ಅದು ಮಣ್ಣಿನ ಸೀಸವನ್ನು ಬಿಡಿಸಿ ಕರಗಿಸುತ್ತದೆ, ಗಿಡ ಅದನ್ನು ಕೆಲವೇ ದಿನಗಳಲ್ಲಿ ಶೇ 1ರವರೆಗೂ ಎಲೆಗೆ ಏರಿಸಿಕೊಂಡು ಒಣಗುತ್ತದೆ. ಕುಂಡದ ಪ್ರಯೋಗಗಳು ಸೊಗಸಾಗಿದ್ದವು. ಹೊಲದಲ್ಲಿ ಎದುರಾದ ತೊಂದರೆಯೆಂದರೆ ಇಡಿಟಿಎ ಬೇಗ ಕೊಳೆಯದು. ಕೊಯ್ಲಾದ ಮೇಲೂ ತಿಂಗಳುಗಟ್ಟಲೆ ಮಣ್ಣಿನಲ್ಲುಳಿದು, ಮಳೆ ಬಂದಾಗ ಸೀಸವನ್ನು ಅಂತರ್ಜಲಕ್ಕೆ ಇಳಿಸುತ್ತದೆ. ಹೊಲದ ವಿಷವನ್ನು ಬಾವಿಗೆ ಸಾಗಿಸುವ ಈ ಮಾರ್ಗವನ್ನು ಸಂಶೋಧಕರು ಬಹುಮಟ್ಟಿಗೆ ಕೈಬಿಟ್ಟಿದ್ದಾರೆ, ಬಿಟ್ಟದ್ದು ಸರಿ.

ಕ್ಯಾಡ್ಮಿಯಂ ಮತ್ತು ಸತುವಿನಲ್ಲಿ ಫಲ ಕಂಡಿದೆ. ಬೌಮನ್ ಪರೀಕ್ಷಿಸಿದ ಗಿಡದ ಕುಟುಂಬದ ನಾಕಿಯ ಸಿರುಲೆಸೆನ್ಸ್ ಎಂಬ, ಗೇಣುದ್ದದ ಸಾಸಿವೆ ಜಾತಿಯ ಗಿಡ ಇಲ್ಲಿ ಮುಖ್ಯ. ಅದರಲ್ಲಿ ಕ್ಯಾಡ್ಮಿಯಂ ಎಳೆಯುವುದಕ್ಕೆ ಹೆಸರಾದ ತಳಿ ‘ಗ್ಯಾಂಜಸ್’. ಇದು ನಮ್ಮ ಗಂಗೆಯಲ್ಲ, ದಕ್ಷಿಣ ಫ್ರಾನ್ಸಿನ ಒಂದು ಊರು. ಚೀನಾದಲ್ಲಿ ಸತು-ಕ್ಯಾಡ್ಮಿಯಂ ಎರಡನ್ನೂ ಎಳೆಯುವ ಸೇಡಂ ಜಾತಿಯ ರಸಭರಿತ ಗಿಡಗಳನ್ನು ಭತ್ತದ ನಡುನಡುವೆ ಸರದಿಯಲ್ಲಿ ಬೆಳೆಯುತ್ತಾರೆ. ಜಪಾನ್ ಭತ್ತವನ್ನೇ ಕೆಲಸಕ್ಕೆ ಹಚ್ಚಿತು. ಚೋಕೊಕೊಕು ಎಂಬ ಇಂಡಿಕಾ ತಳಿ ಕ್ಯಾಡ್ಮಿಯಂ ಹೆಚ್ಚು ಎಳೆಯುವಂಥದ್ದು. ಗದ್ದೆಯ ನೀರು ಬಸಿದು ಅದನ್ನು ಎರಡು ವರ್ಷ ಬೆಳೆದಾಗ ಮಣ್ಣಿನ ಕ್ಯಾಡ್ಮಿಯಂ ಶೇ 38ರಷ್ಟು ಇಳಿದದ್ದು 2009ರಲ್ಲಿ ವರದಿಯಾಯಿತು. ಅದೇ ದೇಶದ ವಿಜ್ಞಾನಿಗಳು ಇದಕ್ಕೆ ವಿರುದ್ಧ ದಿಕ್ಕಿನಲ್ಲೂ ಹೋಗಿ, ಕ್ಯಾಡ್ಮಿಯಂ ಎಳೆಯುವ ಜೀನ್ ಕೆಟ್ಟಿರುವ ಕೊಶಿಹಿಕಾರಿ ತಳಿಯನ್ನು 2012ರಲ್ಲಿ ಪ್ರಕಟಿಸಿದರು. ವಿಷ ಎಳೆಯುವ ಭತ್ತವೂ ಎಳೆಯದ ಭತ್ತವೂ ಒಂದೇ ಜ್ಞಾನದ ಎರಡು ಫಲ.

ಆರ್ಸೆನಿಕ್ಕಿನ ಜರಿಗಿಡ

ಫ್ಲಾರಿಡಾದಲ್ಲಿ ಮರದ ದಿಮ್ಮಿಗಳಿಗೆ ಹುಳು ಹಿಡಿಯದಂತೆ ಕ್ರೋಮಿಯಂ-ತಾಮ್ರ-ಆರ್ಸೆನಿಕ್ ದ್ರಾವಣ ಹಚ್ಚುತ್ತಿದ್ದ ಜಾಗವೊಂದು ಪಾಳುಬಿದ್ದಿತ್ತು. ಅಲ್ಲಿ ಬೆಳೆದ ಗಿಡಗಳನ್ನು ಒಂದೊಂದಾಗಿ ಪರೀಕ್ಷಿಸಿದ ಲೀನಾ ಮಾ ಮತ್ತು ಸಂಗಡಿಗರು 2001ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಟೆರಿಸ್ ವಿಟ್ಟಾಟ ಎಂಬ ಜರಿಗಿಡದ ವಿಷಯ ಬರೆದರು. ಆರ್ಸೆನಿಕ್ ಬೆರೆಸಿದ ಮಣ್ಣಿನಲ್ಲಿ ಆರು ವಾರ ಬೆಳೆದ ಈ ಜರಿಯ ಒಣ ಎಲೆಯಲ್ಲಿ ಕಿಲೋಗೆ 22,630 ಮಿಲಿಗ್ರಾಂ ಆರ್ಸೆನಿಕ್ ಇತ್ತು, ಅಂದರೆ ಶೇ 2ಕ್ಕೂ ಮಿಕ್ಕಿ. ಬೇರೆ ಗಿಡಗಳು ಇದರ ನೂರನೆಯ ಒಂದು ಪಾಲಿಗೇ ಸೊರಗಿ ಸಾಯುತ್ತವೆ. ಚೀನಾದಲ್ಲಿ ಚೆನ್ ಟಾಂಗ್‌ಬಿನ್ ಅವರ ತಂಡವೂ ಸ್ವತಂತ್ರವಾಗಿ ಇದೇ ಗಿಡವನ್ನು ಕಂಡು, ಹುನಾನ್ ಪ್ರಾಂತದ ಚೆಂಝೌ ಬಳಿ ಆರ್ಸೆನಿಕ್ ಬಿದ್ದ ಹೊಲದಲ್ಲಿ ನೆಟ್ಟಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ರಾಸಾಯನಿಕ ಅಸ್ತ್ರಗಳನ್ನು ಪರೀಕ್ಷಿಸಿದ್ದ ವಾಷಿಂಗ್ಟನ್ ನಗರದ ಸ್ಪ್ರಿಂಗ್ ವ್ಯಾಲಿ ಬಡಾವಣೆಯ ಮನೆಯಂಗಳಗಳಲ್ಲೂ ಈ ಜರಿ ನೆಟ್ಟು ಆರ್ಸೆನಿಕ್ ಇಳಿಸುವ ಯತ್ನ ನಡೆದಿದೆ.

ಈ ಜರಿ ಅಮೆರಿಕದ ಮೂಲದ್ದಲ್ಲ, ಏಷ್ಯಾದಿಂದ ಹೋದದ್ದು. ಕರ್ನಾಟಕದಲ್ಲಿ ಹಾಳುಬಾವಿಯ ಕಲ್ಲಿನ ಸಂದು, ಗಾರೆ ಉದುರುವ ಹಳೆಯ ಗೋಡೆ, ಮೋರಿಯ ಅಂಚುಗಳಲ್ಲಿ ಏಣಿಯ ಮೆಟ್ಟಿಲಿನಂತೆ ಎಲೆ ಜೋಡಿಸಿಕೊಂಡು ನಿಂತಿರುತ್ತದೆ. ಸುಣ್ಣದ ಅಂಶ ಇದಕ್ಕೆ ಇಷ್ಟ. ಬಹುವಾರ್ಷಿಕವಾದ್ದರಿಂದ ಒಮ್ಮೆ ನೆಟ್ಟರೆ ವರ್ಷವರ್ಷ ಎಲೆ ಕೊಯ್ಯಬಹುದು. ಆದರೆ ನೆರಳು, ತೇವ ಇಲ್ಲದ ಬಯಲುಸೀಮೆಯ ಹೊಲದಲ್ಲಿ ನೀರಿನ ಏರ್ಪಾಡಿಲ್ಲದೆ ನಿಲ್ಲದು.

ಹಿಡಿದಿಡುವ ಗಿಡಗಳು

ಲೋಹವನ್ನು ತೆಗೆಯುವುದು ಆಗದಿದ್ದಾಗ ಅದು ಧೂಳಾಗಿ ಹಾರದಂತೆ, ಮಳೆಗೆ ಕೊಚ್ಚಿಹೋಗದಂತೆ ಬೇರಿನ ಜಾಲದಲ್ಲಿ ಕಟ್ಟಿಹಾಕುವುದು ಎರಡನೆಯ ಮಾರ್ಗ. ಸ್ಥಿರೀಕರಣ ಎನ್ನುವ ಇದಕ್ಕೆ ಪ್ರಚಾರ ಕಡಿಮೆ, ಪ್ರಯೋಜನ ಹೆಚ್ಚು. ಇಲ್ಲಿ ಬೇಕಾದುದು ಅತಿಸಂಗ್ರಾಹಕಕ್ಕೆ ನೇರ ವಿರುದ್ಧ ಗುಣದ ಗಿಡ: ಲೋಹವನ್ನು ಸಹಿಸಬೇಕು, ಆದರೆ ಎಲೆಗೆ ಏರಿಸಬಾರದು. ಬ್ರಿಟನ್ನಿನ ಹಳೆಯ ಗಣಿ ತ್ಯಾಜ್ಯದ ದಿಬ್ಬಗಳ ಮೇಲೆ ತಾವಾಗಿ ಬದುಕುಳಿದ ಹುಲ್ಲುಗಳನ್ನು ಲಿವರ್‌ಪೂಲ್ ವಿಶ್ವವಿದ್ಯಾಲಯದ ಆಂಟನಿ ಬ್ರಾಡ್‌ಶಾ ಮತ್ತು ಸಹೋದ್ಯೋಗಿಗಳು ಅಭ್ಯಸಿಸಿದರು. ಗಣಿ ನಿಂತ ಮೇಲಿನ ಅಲ್ಪ ಕಾಲದಲ್ಲೇ ಅವು ಲೋಹಸಹಿಷ್ಣುತೆಯನ್ನು ರೂಢಿಸಿಕೊಂಡಿದ್ದವು. ಅವುಗಳಿಂದ ಆಯ್ದ ಮರ್ಲಿನ್, ಗೊಗಿನಾನ್, ಪ್ಯಾರಿಸ್ ಎಂಬ ತಳಿಗಳನ್ನು ಗಣಿದಿಬ್ಬ ಮುಚ್ಚಲೆಂದೇ ಬಿತ್ತನೆಗೆ ಬಿಟ್ಟರು.

ಉಷ್ಣವಲಯದಲ್ಲಿ ಈ ಕೆಲಸಕ್ಕೆ ಹೆಸರಾದದ್ದು ಲಾವಂಚ. ಗುಂಡ್ಲುಪೇಟೆ ಸೀಮೆಯ ರೈತರು ಹೊಲದ ಬದುವಿಗೆ ಲಾವಂಚದ ಸಾಲು ಕಟ್ಟುವ ರೂಢಿ ತಲೆಮಾರುಗಳಿಂದ ಬಂದದ್ದು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಕೃಷಿತಜ್ಞರು ಲಾವಂಚವನ್ನು ಮಣ್ಣಿನ ಸವಕಳಿಗೆ ಮದ್ದಾಗಿ ಜಗತ್ತಿಗೆ ಹೇಳಹೊರಟಾಗ ಈ ಬದುಗಳೂ ಅವರ ಸಾಕ್ಷ್ಯಗಳಲ್ಲಿದ್ದವು. ಮೂರು ಮೀಟರಿನವರೆಗೂ ನೇರ ಕೆಳಗಿಳಿಯುವ ಬೇರು, ಹುಳಿ ಮಣ್ಣಿಗೂ ಚೌಳಿಗೂ ಜಗ್ಗದ ಸ್ವಭಾವ, ಬೀಜದಿಂದ ಹರಡಿ ಕಳೆಯಾಗದ ಗುಣ ಇವುಗಳಿಂದಾಗಿ ಅದು ಮುಂದೆ ಹಲವು ದೇಶಗಳ ಗಣಿದಿಬ್ಬಗಳನ್ನೂ ಏರಿತು. ಎಳೆದ ಲೋಹದ ಬಹುಪಾಲನ್ನು ಅದು ಬೇರಿನಲ್ಲೇ ಇಟ್ಟುಕೊಳ್ಳುತ್ತದೆ. ಈ ಗುಣಕ್ಕೆ ಇನ್ನೊಂದು ಮಗ್ಗುಲೂ ಇದೆ: ಬೇಸಿಗೆಯಲ್ಲಿ ಕುಡಿಯುವ ನೀರಿನ ಮಡಕೆಗೆ ಹಾಕುವುದು ಇದೇ ಬೇರನ್ನು. ಲೋಹದ ನೆಲದಲ್ಲಿ ಬೆಳೆದ ಲಾವಂಚದ ಬೇರು ಗ್ರಂಥಿಗೆ ಅಂಗಡಿಯ ದಾರಿ ಹಿಡಿಯಬಾರದು.

ಸ್ಥಿರೀಕರಣದಲ್ಲಿ ಗಿಡ ಒಂಟಿಯಾಗಿ ಕೆಲಸ ಮಾಡುವುದು ಅಪರೂಪ. ಸುಣ್ಣ, ಕಾಂಪೋಸ್ಟ್, ರಂಜಕ, ಕಬ್ಬಿಣದ ಆಕ್ಸೈಡುಗಳನ್ನು ಬೆರೆಸಿ ಮೊದಲು ಲೋಹವನ್ನು ಸುಮ್ಮನಾಗಿಸಿ ಆಮೇಲೆ ಹುಲ್ಲು ಹಾಕುತ್ತಾರೆ. ಬೇರಿನೊಡನೆ ಕೂಡಿ ಬಾಳುವ ಶಿಲೀಂಧ್ರಗಳೂ ಲೋಹವನ್ನು ತಮ್ಮ ಎಳೆಗಳಲ್ಲಿ ತಡೆದು ಗಿಡವನ್ನು ಕಾಯುತ್ತವೆ.

ಇತರ ವಿಧಾನಗಳು

ನೀರಿನಲ್ಲಿರುವ ಲೋಹವನ್ನು ಬೇರಿನಿಂದ ಸೋಸುವುದು ಮತ್ತೊಂದು ಬಗೆ. ಚೆರ್ನೋಬಿಲ್ ಅಣುಸ್ಥಾವರದ ಸಮೀಪದ ಕೊಳವೊಂದರಲ್ಲಿ 1990ರ ದಶಕದ ನಡುವೆ ತೆಪ್ಪಗಳ ಮೇಲೆ ಸೂರ್ಯಕಾಂತಿ ಬೆಳೆಸಿ, ವಿಕಿರಣಶೀಲ ಸೀಸಿಯಂ ಮತ್ತು ಸ್ಟ್ರಾನ್ಷಿಯಮ್ಮನ್ನು ಅದರ ಬೇರುಗಳಿಗೆ ಹಿಡಿಸಿದರು. ಆ ಚಿತ್ರ ಎಷ್ಟು ಪ್ರಸಿದ್ಧವಾಯಿತೆಂದರೆ, ಸೂರ್ಯಕಾಂತಿ ಬಿತ್ತಿದರೆ ಯಾವ ಹೊಲವಾದರೂ ಶುದ್ಧವಾಗುತ್ತದೆಂಬ ತಪ್ಪು ತಿಳಿವಳಿಕೆ ಹಬ್ಬಿತು. ಕೊಳದ ನೀರಿನಲ್ಲಿ ಕರಗಿದ ಸೀಸಿಯಂ ಬೇರೆ, ಜೇಡಿಮಣ್ಣಿನ ಪದರದೊಳಗೆ ಸಿಕ್ಕಿಕೊಂಡ ಸೀಸಿಯಂ ಬೇರೆ.

ಪಾದರಸದ ವಿಷಯದಲ್ಲಿ ಜಾರ್ಜಿಯ ವಿಶ್ವವಿದ್ಯಾಲಯದ ರಿಚರ್ಡ್ ಮೀಗರ್ ತಂಡ 1996ರಲ್ಲಿ ಬ್ಯಾಕ್ಟೀರಿಯದ ಜೀನೊಂದನ್ನು ಗಿಡಕ್ಕೆ ಸೇರಿಸಿತು. ಆ ಗಿಡ ಪಾದರಸದ ಅಯಾನನ್ನು ಶುದ್ಧ ಪಾದರಸವಾಗಿ ಮಾರ್ಪಡಿಸಿ ಆವಿಯಾಗಿ ಗಾಳಿಗೆ ಬಿಡುತ್ತದೆ. ಚಮತ್ಕಾರವೇನೋ ಹೌದು, ಆದರೆ ಗಾಳಿಗೆ ಹೋದ ಪಾದರಸ ಮತ್ತೆಲ್ಲೋ ಮಳೆಯೊಡನೆ ಇಳಿಯುತ್ತದೆ.

ನಿಕಲ್ ಬೆಳೆ

ಲೋಹ ತೆಗೆಯುವುದು ಖರ್ಚಿನ ಬದಲು ಆದಾಯವಾಗುವ ಸಂದರ್ಭ ನಿಕಲ್ಲಿನದು. ಸರ್ಪೆಂಟೈನ್ ಶಿಲೆಯಿಂದಾದ ನೆಲದಲ್ಲಿ ನಿಕಲ್ ಸಹಜವಾಗಿಯೇ ಹೆಚ್ಚಿದ್ದು ಬೇಸಾಯ ಸೊರಗಿರುತ್ತದೆ. ಆಲ್ಬೇನಿಯದಲ್ಲಿ ಅಂಥ ಹೊಲಗಳಲ್ಲಿ ಅಲಿಸಂ ಬಳಗದ ಗಿಡ ಬೆಳೆದು ಹೆಕ್ಟೇರಿಗೆ ವರ್ಷಕ್ಕೆ 100 ಕಿಲೋ ಆಸುಪಾಸಿನಲ್ಲಿ ನಿಕಲ್ ಪಡೆದಿದ್ದಾರೆ. ಸೊಪ್ಪನ್ನು ಒಣಗಿಸಿ ಸುಟ್ಟರೆ ಉಳಿಯುವ ಬೂದಿ ಗಣಿಯ ಅದಿರಿಗಿಂತ ಗಟ್ಟಿ. ಮಲೇಷ್ಯದ ಸಾಬಾ ಪ್ರಾಂತದಲ್ಲಿ ಈ ಕೆಲಸಕ್ಕೆ ಸಿಕ್ಕಿದ್ದು ಫಿಲಾಂಥಸ್ ರೂಫಸ್‌ಚೇನಿಯೈ ಎಂಬ ಪೊದೆಮರ. ಇದು ಬೆಟ್ಟದ ನೆಲ್ಲಿ, ನೆಲನೆಲ್ಲಿಗಳ ಕುಲದ್ದು. 1983ರಲ್ಲಿ ಸಲಹೆ ಮುಂದಿಟ್ಟ ಚೇನಿಯವರ ಹೆಸರನ್ನು 2018ರಲ್ಲಿ ಇದಕ್ಕೆ ಇಡಲಾಯಿತು. ಪರದೇಶದ ಗಿಡವನ್ನು ಲಾಭದಾಸೆಗೆ ತಂದು ಬಿತ್ತುವುದರ ಅಪಾಯಕ್ಕೂ ಉದಾಹರಣೆಯಿದೆ. ಅಮೆರಿಕದ ಆರೆಗನ್ ರಾಜ್ಯದಲ್ಲಿ ನಿಕಲ್ಲಿಗಾಗಿ ಬೆಳೆದ ಅಲಿಸಂ ಹೊಲದಿಂದ ತಪ್ಪಿಸಿಕೊಂಡು, ಈಗ ಅಲ್ಲಿ ಅದನ್ನು ಹಾನಿಕಾರಕ ಕಳೆಯೆಂದು ಘೋಷಿಸಿದ್ದಾರೆ.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಈ ವಿಧಾನಕ್ಕೆ ಕೈಬೀಸಿ ಕರೆಯುವ ಜಾಗಗಳು ಕಡಿಮೆಯಿಲ್ಲ. ದೇಶದ ಕ್ರೋಮೈಟ್ ಅದಿರಿನ ಬಹುಪಾಲನ್ನು ಹೊಂದಿರುವ ಒಡಿಶಾದ ಸುಕಿಂದಾ ಕಣಿವೆ, ಶಾಖಸ್ಥಾವರಗಳ ಬೂದಿಹೊಂಡಗಳು, ಕೈಗಾರಿಕಾ ಪಟ್ಟಣಗಳ ಅಂಚಿನ ಹೊಲಗಳು ಅವುಗಳಲ್ಲಿ ಕೆಲವು. ಲಖನೌದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆ ಹಾರುಬೂದಿಯ ಮೇಲೆ ಗಿಡ ಬೆಳೆಸುವ ಬಗ್ಗೆ ದೀರ್ಘಕಾಲ ಕೆಲಸ ಮಾಡಿದೆ.

ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅದಿರನ್ನು ಹಿಟ್ಟಿನಂತೆ ಅರೆದು ಚಿನ್ನ ತೆಗೆದ ಮೇಲೆ ಉಳಿದ 3 ಕೋಟಿ ಟನ್ನಿಗೂ ಹೆಚ್ಚು ತ್ಯಾಜ್ಯ ಊರಿನ ನಡುವೆಯೇ ಗುಡ್ಡಗಳಾಗಿ ನಿಂತಿದೆ. ಅಲ್ಲಿನ ಜನ ಅವನ್ನು ಸೈನೈಡ್ ದಿಬ್ಬ ಎನ್ನುತ್ತಾರೆ. ಗಾಳಿಯ ದಿನಗಳಲ್ಲಿ ಅವುಗಳ ಬೂದುಬಣ್ಣದ ಪುಡಿ ಮನೆಗಳ ಒಳಕ್ಕೆ ಬರುತ್ತದೆ. ಜೀವಾಂಶವಿಲ್ಲದ, ನೀರು ಹಿಡಿಯದ ಇಂಥ ಪುಡಿಯಿಂದ ಲೋಹ ಎಳೆಯುವ ಮಾತು ಆಮೇಲಿನದು. ಮೊದಲಾಗಬೇಕಾದ್ದು ಹುಲ್ಲು, ಪೊದೆಗಳ ಹೊದಿಕೆ, ಅಂದರೆ ಸ್ಥಿರೀಕರಣ.

ಬೆಂಗಳೂರಿನ ಕೆಳಹರಿವಿನ ಹೊಲಗಳದ್ದು ಬೇರೆಯೇ ಸಮಸ್ಯೆ. ಬೆಳ್ಳಂದೂರು ಕೆರೆಯ ನೀರು ಹಾಯಿಸಿದ ಮಣ್ಣು, ಭತ್ತ, ತರಕಾರಿಗಳಲ್ಲಿ ಭಾರಲೋಹ ಸೇರಿರುವುದನ್ನು ಕುರಿತ ಅಧ್ಯಯನವೊಂದು 2006ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬಂತು. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ, ವೃಷಭಾವತಿಯ ನೀರು ನಿಲ್ಲುವ ಬೈರಮಂಗಲದ ಸುತ್ತ ಹೊಲಗಳ ದುಃಸ್ಥಿತಿ ಇವೂ ಗೊತ್ತಿರುವ ಸಂಗತಿಗಳೇ. ಇಲ್ಲಿ ಲೋಹದ ಮಟ್ಟ ಗಣಿಯಷ್ಟಿಲ್ಲ, ಆದರೆ ಹರಿವು ನಿಂತಿಲ್ಲ. ಮೇಲಿನಿಂದ ಕೊಳೆನೀರು ಬರುತ್ತಲೇ ಇರುವಾಗ ಕೆಳಗೆ ಗಿಡ ನೆಟ್ಟು ಮಣ್ಣು ಶುದ್ಧ ಮಾಡುವುದು ತೂತು ಬಿದ್ದ ದೋಣಿಯಿಂದ ಬೊಗಸೆಯಲ್ಲಿ ನೀರು ಚೆಲ್ಲಿದಂತೆ. ಅಂಥ ಹೊಲದಲ್ಲಿ ಸೊಪ್ಪು, ದಂಟು, ಪಾಲಕ್, ಮೇವಿನ ಹುಲ್ಲುಗಳನ್ನು ಬಿಟ್ಟು ಹೂವು, ನಾರು, ಕಟ್ಟಿಗೆಯಂಥ ತಿನ್ನದ ಬೆಳೆಗಳಿಗೆ ಹೊರಳುವುದು ಸದ್ಯಕ್ಕೆ ಹೆಚ್ಚು ವಿವೇಕದ ಮಾತು. ಎಲೆ ತಿನ್ನುವ ತರಕಾರಿಗಳು ಕಾಳು, ಹಣ್ಣುಗಳಿಗಿಂತ ಸಾಮಾನ್ಯವಾಗಿ ಹೆಚ್ಚು ಕ್ಯಾಡ್ಮಿಯಂ ಕೂಡಿಸಿಕೊಳ್ಳುತ್ತವೆ.

ಕೊಯ್ದ ಸೊಪ್ಪಿನ ವಿಲೇವಾರಿ

ಲೋಹ ತುಂಬಿದ ಕೊಯ್ಲು ಅಪಾಯಕಾರಿ ತ್ಯಾಜ್ಯ. ಅದನ್ನು ತಿಪ್ಪೆಗೆ ಹಾಕಿದರೆ ಲೋಹ ಮತ್ತೆ ಹೊಲಕ್ಕೆ. ಒಲೆಗೆ ಹಾಕಿದರೆ ಆರ್ಸೆನಿಕ್, ಕ್ಯಾಡ್ಮಿಯಂ ಹೊಗೆಯಾಗಿ ಮನೆಯೊಳಕ್ಕೆ. ಸೋಸುಯಂತ್ರವಿರುವ ಕುಲುಮೆಯಲ್ಲಿ ಸುಟ್ಟು, ಬೂದಿಯನ್ನು ಲೋಹ ತೆಗೆಯುವವರಿಗೆ ಕೊಡುವುದು ಅಥವಾ ಭದ್ರವಾದ ಹೊಂಡದಲ್ಲಿ ಹೂಳುವುದು ಸರಿಯಾದ ಕ್ರಮ. ಸಾವಿರಾರು ಟನ್ ಮಣ್ಣಿನ ಬದಲು ವರ್ಷಕ್ಕೆ ಕೆಲವು ನೂರು ಕಿಲೋ ಬೂದಿಯನ್ನು ಹೂಳುವಂತಾಗುವುದೇ ಈ ವಿಧಾನದ ನಿಜವಾದ ಗಳಿಕೆ. ನೆಟ್ಟ ದಿನದಿಂದ ಕೊಯ್ಯುವ ದಿನದವರೆಗೆ ಆ ಹಸಿರು ದನ, ಮೇಕೆಗಳ ಬಾಯಿಗೆ ಸಿಗಬಾರದು. ಆದ್ದರಿಂದ ನಮ್ಮ ಹಳ್ಳಿಗಳಲ್ಲಿ ಯಾವುದೇ ಸಸ್ಯಶೋಧನೆಯ ಮೊದಲ ಖರ್ಚು ಸಸಿಯದ್ದಲ್ಲ, ಬೇಲಿಯದು.